ಮರದ ಆಡಿನಮರಿಗೆ ಏನು ಹಚ್ಚುವುದು

ವಾರ ಕಳೆದರೂ ನಮ್ಮ ಅಡುಗೆಮನೆಯಿಂದ ವಾರ್ನಿಷ್ ವಾಸನೆ ಪೂರ್ತಿ ಹೋಗಿಲ್ಲ. ಇವತ್ತು ಉಪ್ಪಿಟ್ಟಿಗೆ ಒಗ್ಗರಣೆ ಹಾಕುವಾಗಲೂ ಮೂಗಿಗೆ ಬಡಿಯಿತು. ತಪ್ಪು ನನ್ನದೇ. ಅಂಗೈಯಗಲದ ಮರದ ಆಡಿನಮರಿಯೊಂದಕ್ಕೆ ಏನು ಹಚ್ಚಬೇಕೆಂದು ತಿಳಿಯದೆ ಮನೆಯನ್ನೇ ಪೇಂಟ್ ಅಂಗಡಿ ಮಾಡಿಕೊಂಡವಳು ನಾನು. ಚನ್ನಪಟ್ಟಣದಲ್ಲಿ, ಅದೂ ಗೊಂಬೆ ಮಾಡುವವರ ಮನೆಯಲ್ಲಿ ಹುಟ್ಟಿದವಳಿಗೆ ಇಷ್ಟೂ ಗೊತ್ತಿಲ್ಲವೇ ಎಂದು ನೀವು ನಗಬಹುದು. ಗೊತ್ತಿಲ್ಲ. ನಾನು ಕನಕಪುರದ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಕನ್ನಡ ಪಾಠ ಹೇಳಿ ನಿವೃತ್ತಳಾದವಳು. ಗೊಂಬೆಯ ವಿದ್ಯೆಯೆಲ್ಲ ಅಣ್ಣನ ಪಾಲಿಗೆ ಹೋಯಿತು.

ಅಣ್ಣ ಐವತ್ತು ವರ್ಷ ಲೇತಿನ ಮುಂದೆ ಕೂತವನು. ಹಾಲೆಮರದ ತುಂಡು ಗಿರಗಿರನೆ ತಿರುಗುತ್ತಿರುವಾಗ ಬಣ್ಣದ ಅರಗಿನ ಕಡ್ಡಿ ಒತ್ತಿ ಹಿಡಿದರೆ, ಆ ಉಜ್ಜಾಟದ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಮೇಲೆ ತಾಳೆಗರಿ ಒತ್ತಿದರೆ ಮುಖ ಕಾಣುವಷ್ಟು ಹೊಳಪು. ಚಿಕ್ಕವಳಿದ್ದಾಗ ಆ ಬಿಸಿ ಅರಗಿನ ವಾಸನೆಗೆ ಮರುಳಾಗಿ ಸ್ಕೂಲಿನಿಂದ ನೇರ ಅವನ ಶೆಡ್ಡಿಗೆ ಓಡುತ್ತಿದ್ದೆ. ಒಂದು ಸಲ, ಗಿಲಕಿಗೆ ಹಳದಿಯ ಪಕ್ಕ ನೇರಳೆ ಹಾಕು ಎಂದುಬಿಟ್ಟೆ. "ನೀನ್ ಸುಮ್ಕೆ ಕೂತ್ಕೊಳವ್ವ. ಬಣ್ಣದ್ ಇಚಾರ ನಂಗ್ ಬುಡು" ಎಂದ. ಬಣ್ಣದ ವಿಷಯದಲ್ಲಿ ಅವನು ಯಾರ ಮಾತನ್ನೂ ಕೇಳಿದವನಲ್ಲ. ಅತ್ತಿಗೆಯ ಸೀರೆಗಳನ್ನೂ ಅವನೇ ಆರಿಸುತ್ತಿದ್ದ. ಪಾಪ, ಅತ್ತಿಗೆ ಮದುವೆಯಾದಾಗಿನಿಂದ ಗಿಲಕಿಯ ಹಾಗೆಯೇ ಓಡಾಡಿಕೊಂಡಿದ್ದಾರೆ.

ಎರಡು ವರ್ಷದ ಹಿಂದೆ ಅಣ್ಣ ಲೇತು ನಿಲ್ಲಿಸಿದ. ಕೈ ನಡುಗುತ್ತದೆ ಎಂದ, ನಾವು ನಂಬಿದೆವು. ಸುಮ್ಮನೆ ಕೂರಲಾರದೆ ಚಾಕು ಹಿಡಿದು ಸಣ್ಣಪುಟ್ಟ ಪ್ರಾಣಿಗಳನ್ನು ಕೆತ್ತತೊಡಗಿದ. ಹೋದ ತಿಂಗಳು ಅತ್ತಿಗೆ ಇಲ್ಲಿಗೊಂದು ಗೃಹಪ್ರವೇಶಕ್ಕೆ ಬಂದವರು ನ್ಯೂಸ್‌ಪೇಪರಿನಲ್ಲಿ ಸುತ್ತಿದ ಆಡಿನಮರಿಯನ್ನೂ ಐದಾರು ಮರದ ಚೂರುಗಳನ್ನೂ ಕೊಟ್ಟು, "ನಿನ್ಗೇ ಅಂತ ಕೆತ್ತವ್ರೆ. ಏನ್ ಹಚ್ಬೇಕೋ ನೀನೇ ನೋಡಿ ಹಚ್ಬೇಕಂತೆ" ಎಂದರು. ನಾನು ಮೂರು ಸಲ ಕೇಳಿ ಖಚಿತ ಮಾಡಿಕೊಂಡೆ.

ಊರಿನ ಅಭ್ಯಾಸ ಎಲ್ಲಿ ಹೋಗುತ್ತದೆ? ಮರವೆಂದರೆ ಅರಗು ಎಂದೇ ನನ್ನ ತಲೆ ಓಡಿತು. ಆದರೆ ಕಿವಿ, ಕಾಲು ಇರುವ ಆಡನ್ನು ಲೇತಿಗೆ ಕಟ್ಟಿ ತಿರುಗಿಸಿದರೆ ಕಿವಿ ಪಕ್ಕದ ಮನೆಯಲ್ಲಿ ಸಿಗುತ್ತದೆ. ಹಳೆಯ ಅರಗಿನ ಕಡ್ಡಿಯೊಂದನ್ನು ಗ್ಯಾಸ್ ಒಲೆಯಲ್ಲಿ ಕಾಯಿಸಿ ಒಂದು ಚೂರಿನ ಮೇಲೆ ತಿಕ್ಕಿ ನೋಡಿದೆ. ತಳ ಹಿಡಿದ ಬೆಲ್ಲದ ಪಾಕದ ಹಾಗೆ ಗಂಟುಗಂಟಾಗಿ ಕೂತಿತು. ಹಾರ್ಡ್‌ವೇರ್ ಅಂಗಡಿಗೆ ಹೋದರೆ, "ಮೇಡಂ, ಗ್ಲಾಸಿ ಬೇಕಾ, ಮ್ಯಾಟ್ ಬೇಕಾ?" ಎಂದರು. ಆಡಿಗೆ ಯಾವುದು ಒಪ್ಪುತ್ತದೆ ಎಂದೆ. "ಬಾಗ್ಲು ಕಿಟ್ಕಿ ಆಗಿದ್ರೆ ಹೇಳ್ತಿದ್ದೆ" ಎಂದು ಅವರೂ ಕೈಚೆಲ್ಲಿದರು. ಎರಡನ್ನೂ ತಂದೆ. ನಮ್ಮೆಜಮಾನರು ಕೊಬ್ಬರಿ ಎಣ್ಣೆ ಎಂದರು. ಅವರಿಗೆ ಮಂಡಿನೋವಿಗೂ ಬಾಗಿಲ ಕಿರುಗುಟ್ಟುವಿಕೆಗೂ ಅದೇ. ಪಕ್ಕದ ಮನೆಯವರು ಒಂದು ಉಂಡೆ ಜೇನುಮೇಣ ಕೊಟ್ಟರು. ಐದು ಚೂರು, ಐದು ಬಗೆ. ನೋಡಿದಷ್ಟೂ ಗಲಿಬಿಲಿ.

ಅಣ್ಣನಿಗೆ ಫೋನು ಮಾಡಿದೆ. "ನಿಂಗ್ ಹೆಂಗ್ ಕಾಣ್ತದೋ ಹಂಗ್ ಮಾಡವ್ವ" ಎಂದ. ಅವನ ಬಾಯಲ್ಲಿ ಇಂಥ ಮಾತು ಕೇಳಿ ನನಗೆ ದಿಗಿಲಾಯಿತು. ನನ್ನನ್ನು ಪರೀಕ್ಷೆ ಮಾಡುತ್ತಿದ್ದಾನೋ, ಎಲ್ಲದರಲ್ಲೂ ಆಸೆ ಬಿಟ್ಟಿದ್ದಾನೋ ತಿಳಿಯಲಿಲ್ಲ. ಮಾರನೆಯ ದಿನವೇ ಚೂರುಗಳನ್ನೆಲ್ಲ ಬ್ಯಾಗಿಗೆ ಹಾಕಿಕೊಂಡು ರಾಮನಗರದ ಮೇಲೆ ಹಾಯ್ದು ಚನ್ನಪಟ್ಟಣಕ್ಕೆ ಹೋದೆ.

ಅಣ್ಣ ಜಗಲಿಯಲ್ಲಿದ್ದ. ಒಂದೊಂದೇ ಚೂರನ್ನು ಮೂಸಿದ, ಹೆಬ್ಬೆರಳಲ್ಲಿ ತೀಡಿದ. "ಇದು ವಾರ್ನಿಷು. ಮ್ಯಾಗೇ ಕೂತೈತೆ, ಮರಕ್ಕೆ ಇಳಿದಿಲ್ಲ. ಇದು ಕೊಬ್ರಿ ಎಣ್ಣೆ, ಕಮಟೋಯ್ತದೆ. ಇದ್ಯಾವುದು, ಅರಗಾ? ನಿನ್ ಕೈಗೆ ಅರಗು ಯಾರ್ ಕೊಟ್ರು?" ಎಂದು ನಕ್ಕ. ಮೇಣದ ಚೂರನ್ನು ಮಾತ್ರ ಕೈಯಲ್ಲೇ ಉಳಿಸಿಕೊಂಡ. "ಇದು ಸರಿ. ಮರದ್ ಎಳೆ ಬೆರಳಿಗೆ ಸಿಕ್ತದೆ."

"ಬಣ್ಣ ನೋಡಣ್ಣ. ವಾರ್ನಿಷ್‌ದು ಒಸಿ ಕೆಂಪಾಯ್ತು ಅಲ್ವಾ?" ಎಂದೆ.

ವಾರ್ನಿಷಿನ ಚೂರನ್ನೂ ಮೇಣದ ಚೂರನ್ನೂ ಬೆಳಕಿಗೆ ಹಿಡಿದ, ಕಣ್ಣ ಹತ್ತಿರ ತಂದ, ಮತ್ತೆ ದೂರ ಹಿಡಿದ. ಅತ್ತಿಗೆ ಕಾಫಿಗೆಂದು ಒಳಗೆ ಹೋಗುವವರೆಗೆ ಕಾದು, "ಎರಡೂ ಒಂದೇ ತರ ಕಾಣ್ತವೆ ಕಣವ್ವ" ಎಂದ.

ನನಗೆ ಅರ್ಥವಾಗಲಿಲ್ಲ.

"ಕೈ ನಡುಗ್ತದೆ ಅಂದಿದ್ದು ಸುಳ್ಳು. ಒಂದ್ ಮೂಟೆ ಗಿಲಕಿಗೆ ಕೆಂಪು ಅಂದ್ಕಂಡು ಕಂದು ಅರಗು ಹಚ್ಬುಟ್ಟಿದ್ದೆ. ಅಂಗ್ಡಿಯವ್ನು ನನ್ ಮಕಾ ನೋಡಿ ಏನೂ ಅನ್ನಲಿಲ್ಲ. ಅವತ್ತೇ ಲೇತು ನಿಲ್ಸ್‌ಬುಟ್ಟೆ. ಸಕ್ಕರೆ ಕಾಯ್ಲೆ ಕಣ್ಣಿಗಿಳಿದೈತಂತೆ, ಬಣ್ಣ ತಿಳಿಯೋದು ಇನ್ ವಾಪಸ್ ಬರಕಿಲ್ಲ ಅಂದ್ರು ಡಾಕ್ಟ್ರು. ನಿಮ್ಮತ್ತಿಗೆಗೆ ಹೇಳ್ಬ್ಯಾಡ."

ಆ ಆಡಿನಮರಿಯ ಕಿವಿ ಈರುಳ್ಳಿ ಸಿಪ್ಪೆಯಷ್ಟು ತೆಳು. ನಡುಗುವ ಕೈ ಅಂಥ ಕಿವಿ ಕೆತ್ತುತ್ತದೆಯೇ ಎಂದು ಒಂದು ತಿಂಗಳು ಅದನ್ನು ನೋಡುತ್ತಾ ಕೂತ ನನಗೆ ಹೊಳೆಯಲಿಲ್ಲವಲ್ಲ. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಸಂಕಟವಾಯಿತು. ಅತ್ತಿಗೆ ಕೊಟ್ಟ ಕಾಫಿಯನ್ನು ತಲೆಯೆತ್ತದೆ ಕುಡಿದು ಬಸ್ಸು ಹತ್ತಿದೆ. ಅವರಿಗೆ ಹೇಳಬೇಕೋ ಬೇಡವೋ ಎಂಬುದು ಇವತ್ತಿಗೂ ತೀರ್ಮಾನವಾಗಿಲ್ಲ.

ಇವತ್ತು ಉಪ್ಪಿಟ್ಟು ತಿಂದ ಮೇಲೆ ಆಡಿನಮರಿಗೆ ಮೇಣ ಹಚ್ಚಿ, ಹಳೆಯ ಹತ್ತಿ ಸೀರೆಯ ತುಂಡಿನಿಂದ ಉಜ್ಜಿ, ಅಣ್ಣನಿಗೆ ಫೋನು ಮಾಡಿದೆ.

"ಬೆರಳಿಗೆ ಹೆಂಗೈತೆ?" ಎಂದ.

"ನುಣ್ಣಗೈತೆ ಅಣ್ಣ."

"ಕಣ್ಣಿಗೆ?" ಎಂದ.

ಬಿಳಿಯಲ್ಲ, ಹಳದಿಯೂ ಅಲ್ಲ. ಮೂವತ್ತು ವರ್ಷ ಕನ್ನಡ ಹೇಳಿಕೊಟ್ಟವಳಿಗೆ ಅದಕ್ಕೊಂದು ಹೆಸರು ಸಿಗಲಿಲ್ಲ. ಕೊನೆಗೆ, "ಗಿಣ್ಣಿನ್ ಬಣ್ಣ" ಎಂದೆ.

"ಮೊದಲ್ನೇ ದಿನದ್ ಗಿಣ್ಣೋ, ಮೂರ್ನೇ ದಿನದ್ದೋ?"

ಕರು ಹಾಕಿದ ಮೊದಲ ದಿನದ ಗಿಣ್ಣು ಗಾಢ ಹಳದಿ, ಮೂರನೇ ದಿನಕ್ಕೆ ಹಾಲಿನ ಬಿಳುಪಿಗೆ ಹತ್ತಿರ. ಆಡಿನಮರಿಯನ್ನು ಎತ್ತಿಕೊಂಡು ಕಿಟಕಿಯ ಬೆಳಕಿಗೆ ಹೋದೆ. ತಿರುಗಿಸಿ ತಿರುಗಿಸಿ ನೋಡಿದೆ. ಇಷ್ಟು ವರ್ಷದಲ್ಲಿ ಒಂದು ಬಣ್ಣವನ್ನು ಅಷ್ಟು ಹೊತ್ತು ನೋಡಿದ್ದು ಅದೇ ಮೊದಲು. ಅಣ್ಣ ಆ ಕಡೆ ಕಾಯುತ್ತಿದ್ದ.

"ಮೂರನೇ ದಿನದ್ದು" ಎಂದೆ.

"ಹ್ಞೂ" ಎಂದ ಅಣ್ಣ. "ಈಗ ಕಾಣ್ತೈತೆ."