ನಡೆದಿದ್ದಕ್ಕೆ ರಸೀದಿ ಎಲ್ಲಿ?

ನಗರ ಯೋಜನೆ ಪಾಠ ಹೇಳುವ ಪ್ರಾಧ್ಯಾಪಕರೊಬ್ಬರಿಗೆ ಕಾಲೇಜಿನಲ್ಲಿ ಫುಟ್‌ಪಾತ್ ಮೇಷ್ಟ್ರು ಎಂದೇ ಹೆಸರು. ಜನ ಫುಟ್‌ಪಾತ್ ಬಿಟ್ಟು ರಸ್ತೆಗೆ ಏಕೆ ಇಳಿಯುತ್ತಾರೆ ಎಂಬುದನ್ನು ಅವರು ಹನ್ನೊಂದು ವರ್ಷ ಸ್ವಂತ ಚಪ್ಪಲಿ ಸವೆಸಿ ನೋಡಿದ್ದರು. ಎಲ್ಲಿ ಚಪ್ಪಡಿ ಕಿತ್ತಿದೆ, ಎಲ್ಲಿ ಟ್ರಾನ್ಸ್‌ಫಾರ್ಮರ್ ಅಡ್ಡ ಕೂತಿದೆ, ಎಲ್ಲವೂ ನಾಲಿಗೆ ತುದಿಯಲ್ಲಿತ್ತು. ಇಲ್ಲದಿದ್ದದ್ದು ಅನುದಾನ ಮಾತ್ರ. ಒಂದು ವರ್ಷ ಅರ್ಜಿಯಲ್ಲಿ 'ಸುಸ್ಥಿರ' ಎಂದು ಸೇರಿಸಿದರು, ಮರುವರ್ಷ 'ಸ್ಮಾರ್ಟ್' ಎಂದರು. ಎರಡನ್ನೂ ಸೇರಿಸಿದ ವರ್ಷ ಅನುದಾನ ಕೊಡುವ ಪ್ರತಿಷ್ಠಾನದವರು ಕಣ್ಣು ಬಿಟ್ಟರು.

ಮೊದಲ ತಿಂಗಳೇ ಪ್ರತಿಷ್ಠಾನದ ಗುಮಾಸ್ತ ಫೋನ್ ಮಾಡಿದ.

"ಸಾರ್, ಪ್ರಯಾಣದ ಕಾಲಂ ಖಾಲಿ ಬಿಟ್ಟಿದ್ದೀರಲ್ಲ?"

"ನಾನು ನಡ್ಕೊಂಡೇ ಹೋಗ್ತೀನಪ್ಪ."

"ನಡೆದಿದ್ದಕ್ಕೆ ರಸೀದಿ ಎಲ್ಲಿ ಸಾರ್? ರಸೀದಿ ಇಲ್ಲ ಅಂದ್ರೆ ನೀವು ಹೋಗೇ ಇಲ್ಲ ಅಂತ. ಎರಡನೇ ಕಂತು ನಿಂತೋಗತ್ತೆ. ಸುಮ್ನೆ ಒಂದು ಕಾರ್ ಮಾಡ್ಕೊಂಡ್ಬಿಡಿ."

ಹನ್ನೊಂದು ವರ್ಷ ಕಾದವರು ಕಂತು ನಿಲ್ಲುವ ಮಾತು ಕೇಳಿದ್ದೇ ಕಾರಿಗೆ ಹೇಳಿಬಿಟ್ಟರು. ಮರುದಿನ ಬೆಳಿಗ್ಗೆ ಮೇಷ್ಟ್ರು ಪಾದಚಾರಿಗಳ ಅಧ್ಯಯನಕ್ಕೆ ಬಾಡಿಗೆ ಕಾರಿನ ಹಿಂದಿನ ಸೀಟಿನಲ್ಲಿ ಕೂತು ಹೊರಟರು. ಮಾರ್ಕೆಟ್ ರಸ್ತೆಯಲ್ಲಿ ನಿಲ್ಲಿಸಲು ಜಾಗ ಸಿಗದೆ ಡ್ರೈವರ್ ಕಾರನ್ನು ಫುಟ್‌ಪಾತ್ ಮೇಲೇ ಹತ್ತಿಸಿದ. ಜನ ಬೈದುಕೊಂಡು ರಸ್ತೆಗೆ ಇಳಿದರು. ಮೇಷ್ಟ್ರು ಇಳಿದವರನ್ನೆಲ್ಲ ಒಬ್ಬರನ್ನೂ ಬಿಡದೆ ಎಣಿಸಿ ಬರೆದುಕೊಂಡರು.

ಇಷ್ಟು ವರ್ಷ ಅವರು ನಡೆದು ಹೋಗುವುದನ್ನೇ ನೋಡಿದ್ದ ತರಕಾರಿ ಅಜ್ಜಿ ಕಿಟಕಿಗೆ ಬಗ್ಗಿದಳು.

"ಅಯ್ಯೋ ಮೇಷ್ಟ್ರೇ, ಕಾಲಿಗೇನಾಯ್ತು?"

"ಅನುದಾನ ಬಂತು ಅಜ್ಜಿ," ಎಂದರು ಮೇಷ್ಟ್ರು.