ಗಂಜಿನ ಭಜಿ, ನಮ್ಮ ಮನೆಯ ಭಜಿ

ನಾಲ್ವರು ಪದವೀಧರರು ಒಂದು ಪ್ಲೇಟ್ ಭಜಿಯ ಸುತ್ತ ನಿಂತರೆ ಏನಾಗುತ್ತದೆ? ಭಜಿ ತಣ್ಣಗಾಗುತ್ತದೆ.

ಬೀದರಿನ ಧಾನ್ಯದ ಪೇಟೆ ಗಾಂಧಿ ಗಂಜಿನಲ್ಲಿ, ನಮ್ಮ ಆಫೀಸಿನ ಎದುರಿಗೇ ಒಂದು ಭಜಿ ಬಂಡಿ ಇದೆ. ಸಂಜೆ ನಾಲ್ಕಕ್ಕೆ ನಾವು ಅಲ್ಲಿ ಹಾಜರು: ಭಾಲ್ಕಿಯ ಕ್ಲರ್ಕ್, ಔರಾದಿನ ಅಕೌಂಟೆಂಟ್, ಮೈಸೂರಿನಿಂದ ವರ್ಗವಾಗಿ ಬಂದ ಸಾಹೇಬರು ಮತ್ತು ನಾನು. (ಆಫೀಸಿನಲ್ಲಿ ಟೈಮಿಗೆ ಸರಿಯಾಗಿ ನಡೆಯುವ ಕೆಲಸ ಇದೊಂದೇ.)

"ಇದು ಬಜ್ಜಿ ಅಲ್ಲ ಕಣ್ರೀ," ಎನ್ನುತ್ತಾರೆ ಸಾಹೇಬರು, ಬಾಯಲ್ಲಿ ಅದನ್ನೇ ಇಟ್ಟುಕೊಂಡು. "ಬಜ್ಜಿ ಅಂದ್ರೆ ಬಾಳೆಕಾಯಿ ಹೆಚ್ಚಿ, ಹಿಟ್ಟಲ್ಲಿ ಅದ್ದಿ ಕರಿಯೋದು. ಈರುಳ್ಳಿ ಕಲಸಿ ಬಿಟ್ಟರೆ ಅದು ಪಕೋಡ."

ಭಾಲ್ಕಿಯವರು ಬಿಡುತ್ತಾರೆಯೇ? "ಪಕೋಡಾ ಅಂದ್ರ ಕಟುಂ ಅನಬೇಕ್ರಿ ಸರ್. ನೀರು ಕಮ್ಮಿ, ಹಿಟ್ಟು ಗಟ್ಟಿ. ಇದು ಮೆತ್ತಗ ಅದ. ಉಳ್ಳಾಗಡ್ಡಿದು, ಕಾಂದಾ ಭಜಿ ರಿ ಇದು."

"ನಮ್ಮ ಔರಾದಕ್ಕ ಬರ್ರಿ, ಭಜೆ ಅಂತಾರ," ಎನ್ನುತ್ತಾರೆ ಅಕೌಂಟೆಂಟ್. "ಅಜವಾನ ಬೀಳಲಿಲ್ಲಂದ್ರ ಅದು ಭಜೆನೇ ಅಲ್ಲ. ಅಲ್ರಿ ಸರ್, ನಿಮ್ಮ ಮೈಸೂರು ಬೋಂಡಾದಾಗ ಕಡ್ಲಿ ಹಿಟ್ಟೇ ಇರಂಗಿಲ್ಲಂತಲ್ಲ, ನೀವು ನಮಗ ಹೇಳ್ಲಾಕ ಬರ್ತೀರಿ?"

ಗಡಿ ದಾಟಿ ಜಹೀರಾಬಾದಿಗೆ ಹೋದರೆ ಪಕೋಡಿ, ಉದಗೀರಿಗೆ ಹೋದರೆ ಭಜೆ. ಹಿಟ್ಟು ಅದೇ, ಎಣ್ಣೆ ಅದೇ. ಇಷ್ಟೆಲ್ಲ ಸಂಶೋಧನೆ ಮಾಡಿದವರು ಒಂದು ಪ್ರಶ್ನೆ ಮಾತ್ರ ಕೇಳಿರಲಿಲ್ಲ. ಕರಿಯುವ ಬಾಯಿ, ಅಂದರೆ ಆ ಹೆಂಗಸು, ಯಾರು?

ಅವರು ನನ್ನ ಚಿಗವ್ವ. ಕಮಠಾಣದ ನಮ್ಮ ಕಾಕಾನ ಹೆಂಡತಿ. ಎಲ್ಲರೆದುರಿಗೇ ನಾನು ಚಿಗವ್ವ ಎಂದು ಕರೆಯುತ್ತಿದ್ದೆ. ಆದರೆ ಗಂಜಿನಲ್ಲಿ ಎಲ್ಲರಿಗೂ ಎಲ್ಲರೂ ಕಾಕಾ, ಅವ್ವ, ಮಾಮಾ. ರಕ್ತಸಂಬಂಧ ಯಾವುದೆಂದು ಯಾರು ವಿಚಾರಿಸುತ್ತಾರೆ? ಬಿ.ಎ. ಓದುವಾಗ ಬೆಳಗ್ಗೆ ಅವರ ಬಂಡಿಗೆ ಉಳ್ಳಾಗಡ್ಡಿ ಹೆಚ್ಚಿಕೊಟ್ಟು ಕಾಲೇಜಿಗೆ ಹೋಗುತ್ತಿದ್ದೆ. ಪಕ್ಕದ ಬೆಂಚಿನವರು ಮೂಗು ಮುಚ್ಚಿಕೊಳ್ಳುತ್ತಿದ್ದರು. ಡಿಗ್ರಿ ಬಂತು. ನಮ್ಮ ಮನೆತನಕ್ಕೆ ಅದೇ ಮೊದಲನೆಯದು.

ಹೋದ ತಿಂಗಳು ಒಂದು ಭಾನುವಾರ, ಊರ ಹೊರಗೆ ಕೊಳಾರದ ಕಡೆ ನಾನು ಕಟ್ಟಿಸಿದ ಮನೆಯ ಗೃಹಪ್ರವೇಶ. ಬುದ್ಧ ವಂದನೆ ಮುಗಿಯುವ ಹೊತ್ತಿಗೆ ಮೂವರೂ ಬಂದರು. ಮನೆ ಹೊಗಳಿದರು, ಟೈಲ್ಸ್ ಹೊಗಳಿದರು. ಚಿಗವ್ವ ಬಿಸಿ ಭಜಿಯ ತಟ್ಟೆ ಹಿಡಿದು ಅಡುಗೆಮನೆಯಿಂದ ಹೊರಬಂದರು.

"ಯಾಕ್ರಿ ಸಾಬ್ರೆ, ಗುರ್ತು ಸಿಗಲಿಲ್ಲೇನ್ರಿ? ನಿಮ್ಮ ಗಂಜಿನ ಭಜಿ ಬಾಯಿ! ಇಂವ ನಮ್ಮ ಭಾವನ ಮಗ ರಿ."

ಸಾಹೇಬರ ಕಣ್ಣು ಗೋಡೆಯ ಮೇಲಿನ ಬುದ್ಧನಿಂದ ಚಿಗವ್ವನ ಕೈಗೆ ಬಂತು, ಅಲ್ಲಿಂದ ತಟ್ಟೆಗೆ. (ನನ್ನ ಜಾತಿ ಆಫೀಸಿಗೆಲ್ಲ ಗೊತ್ತಿತ್ತು. ಭಜಿಯ ಜಾತಿ ಗೊತ್ತಾದದ್ದು ಆಗಲೇ.)

"ಇವತ್ತು ಸಂಕಷ್ಟಿ ಕಣಮ್ಮಾ, ಏನೂ ಮುಟ್ಟಲ್ಲ," ಎಂದರು ಸಾಹೇಬರು. ಹಿಂದಿನ ಸಂಕಷ್ಟಿಗೆ ಬಂಡಿಯ ಮುಂದೆ ನಿಂತು ಮಿರ್ಚಿ ಭಜಿಯನ್ನು ಕೇಳಿ ಕೇಳಿ ಹಾಕಿಸಿಕೊಂಡವರು ಇವರೇ.

"ಐತವಾರ ಮೈಲಾರಲಿಂಗನ ವಾರ ರಿ ನಮ್ದು," ಎಂದರು ಭಾಲ್ಕಿಯವರು.

"ಡಾಕ್ಟರ್ ಎಣ್ಣಿದು ಬಂದ್ ಮಾಡ್ಸ್ಯಾರ್ರಿ," ಎಂದರು ಔರಾದಿನವರು.

ಭಜಿಯ ವಿಷಯದಲ್ಲಿ ಒಂದು ದಿನವೂ ಒಮ್ಮತಕ್ಕೆ ಬಾರದ ಮೂವರು ಅಂದು ಮೊದಲ ಸಲ ಒಂದಾದರು. ತಾವೇ ತಂದಿದ್ದ ಬಾಟಲಿಯ ನೀರು ಕುಡಿದು ಎದ್ದರು.

"ಇರ್ಲಿ ರಿ. ದೇವರದ್ದು ಇದ್ದಾಗ ನಾ ಹ್ಯಾಂಗ ತಿನ್ರಿ ಅನ್ನಲಿ," ಎಂದು ಚಿಗವ್ವ ತಟ್ಟೆ ಒಳಗೆ ಒಯ್ದರು.

ಮರುದಿನ ಸೋಮವಾರ ನಾವು ಬರುವುದನ್ನು ಕಂಡು ಚಿಗವ್ವ ಎಂದಿನಂತೆ ನಾಲ್ವರಿಗಾಗುವಷ್ಟು ಹಿಟ್ಟು ಎಣ್ಣೆಗೆ ಬಿಟ್ಟರು. ಮೂವರು ಬಂಡಿ ದಾಟಿ ಮುಂದೆ ನಡೆದರು. "ಅವರ ಎಣ್ಣೆ ಯಾಕೋ ಸರಿಯಿಲ್ಲ ಕಣ್ರೀ," ಎಂದು ಸಾಹೇಬರು ನನ್ನ ಕಿವಿಯಲ್ಲಿ ಹೇಳಿದರು. ಸ್ವಲ್ಪ ಹೊತ್ತಿಗೆ ಮೂಲೆಯ ಹೋಟೆಲಿನಿಂದ ಅವರ ದನಿ ಕೇಳಿಸಿತು. ಪಕೋಡವೋ, ಭಜಿಯೋ? ಚರ್ಚೆ ಜೋರಾಗಿಯೇ ನಡೆದಿತ್ತು.

ನಾಲ್ಕು ಪ್ಲೇಟ್ ನನ್ನ ಮುಂದೆ ತಣ್ಣಗಾಗುತ್ತಿದ್ದವು.

ಅವರ ಹಿಂದೆ ಆಫೀಸಿನ ಉಳಿದವರೂ ಒಬ್ಬೊಬ್ಬರಾಗಿ ಮೂಲೆಯ ಹೋಟೆಲಿಗೆ ಹೊರಳಿದರು. ಈಗ ಸಂಜೆ ಬಂಡಿಯ ಮುಂದೆ ಹಮಾಲರು ಮತ್ತು ನಾನು. ಚಿಗವ್ವ ಹಿಟ್ಟು ಅರ್ಧಕ್ಕರ್ಧ ಕಮ್ಮಿ ಕಲಸುತ್ತಾರೆ. ಎಣ್ಣೆ ಮಾತ್ರ ದಿನಾ ಹೊಸದು ಹಾಕುತ್ತಾರೆ.

ನಿನ್ನೆ ತೂತಿನ ಝಾರಿ ಸೌಟಿನಿಂದ ಎಣ್ಣೆ ಸೋಸುತ್ತ, ಮುಖ ಎತ್ತದೆ ಕೇಳಿದರು:

"ಯಾಕೋ ತಮ್ಮಾ, ನಿಮ್ಮ ಸಾಬ್ರ ಸಂಕಷ್ಟಿ ಇನ್ನಾ ಮುಗಿದಿಲ್ಲೇನು?"