ಲೈಲ್ ಬ್ರೆಮರನ ಹೊಸ ಹಾರ್ನು

ಲೈಲ್ ಬ್ರೆಮರನಿಗೆ ಈಗ ಎಪ್ಪತ್ತೊಂದು. ಮೂವತ್ತೆಂಟು ವರ್ಷ ಹಾಲಿನ ಟ್ಯಾಂಕರ್ ಓಡಿಸಿದವನು. ಕೋಳಿಗಿಂತ ಮೊದಲು ಎದ್ದು, ಅಯೋವಾದ ಈ ಮೂಲೆಯ ಕೊಟ್ಟಿಗೆ ಕೊಟ್ಟಿಗೆ ಸುತ್ತಿ, ಹಿಮ ಬೀಳಲಿ ಬಿಸಿಲು ಸುಡಲಿ ಹಾಲು ತುಂಬಿಸಿಕೊಂಡು ಬಂದ ಮೈ ಅದು. ಕೆಲಸ ಬಿಟ್ಟು ಆರು ವರ್ಷವಾದರೂ ಆ ಸುಸ್ತು ಮೈಯಿಂದ ಇಳಿದಿಲ್ಲ. ಚರ್ಚಿನಲ್ಲಿ ಪಾದ್ರಿ ಬಾಯಿ ತೆರೆದರೆ ಇವನ ಕಣ್ಣು ಮುಚ್ಚುತ್ತದೆ. ಏನಪ್ಪಾ, ಹುಷಾರಿದ್ದೀಯಾ ಎಂದು ಕೇಳಿದರೆ ಮಾತ್ರ, ನನಗೇನಾಗಿದೆ ಎನ್ನುತ್ತಾನೆ. ನಮ್ಮ ಕಡೆಯ ಗಂಡಸರೆಲ್ಲ ಹೀಗೇ. ಕಾಲು ಮುರಿದುಕೊಂಡು ಬಿದ್ದಿದ್ದರೂ ಪರವಾಗಿಲ್ಲ, ಪರವಾಗಿಲ್ಲ ಎನ್ನುತ್ತಿರುತ್ತಾರೆ, ನೋಡುವವರಿಗೆ ಮೈ ಉರಿಯುತ್ತದೆ.

ಅವನ ಬೈಕು ಎಂಬತ್ತೈದರ ಮಾಡೆಲ್ಲು. ಬೈಕು ಅನ್ನುವುದಕ್ಕಿಂತ ಚಕ್ರ ಕಟ್ಟಿದ ಸೋಫಾ ಅನ್ನಬೇಕು. ಮುಂದೆ ಅಗಲವಾದ ಗಾಜು, ಅಕ್ಕಪಕ್ಕ ಪೆಟ್ಟಿಗೆ, ಹಿಂದೆ ಕೂರುವವರಿಗೆ ಬೆನ್ನು ಒರಗಲು ಮೆತ್ತನೆಯ ಆಸರೆ, ಬೈಕಿನಿಂದ ಬೈಕಿಗೆ ಮಾತಾಡಲು ರೇಡಿಯೋ. ಆ ಹಿಂದಿನ ಸೀಟಿನಲ್ಲಿ ಹೆಂಡತಿ ಡೊನೆಟ್ ಇಪ್ಪತ್ತಾರು ಬೇಸಿಗೆ ಕಳೆದಿದ್ದಾಳೆ. ಹೆದ್ದಾರಿ ಹತ್ತಿದ ಹತ್ತು ನಿಮಿಷಕ್ಕೆ ಒರಗಿಕೊಂಡು ನಿದ್ದೆ ಹೋಗುತ್ತಾಳೆ. ಗಂಡನ ಮೇಲೆ ಅಷ್ಟು ನಂಬಿಕೆ.

ನಮ್ಮ ಊರಿನ ಬೈಕಿನ ಗುಂಪಿನಲ್ಲಿ ಹದಿನಾಲ್ಕು ಜನ. ಎಲ್ಲರ ಗಡ್ಡವೂ ಬೆಳ್ಳಗೆ. ಮುಂದೆ ಹೋಗುವವನು ಗೇಲನ್, ಶಾಲಾ ಬಸ್ಸುಗಳ ಮೆಕ್ಯಾನಿಕ್ ಆಗಿದ್ದವನು. ಕಟ್ಟಕಡೆಗೆ ಲೈಲ್. ಹತ್ತೊಂಬತ್ತು ವರ್ಷದಿಂದ ಅದೇ ಜಾಗ. ಕೊನೆಯವನ ಕೆಲಸ ಸುಲಭದ್ದಲ್ಲ. ಹಿಂದೆ, ಪಕ್ಕದಲ್ಲಿ ಏನು ಬಂದರೂ ನೋಡಿ ಮುಂದಿನವರಿಗೆ ರೇಡಿಯೋದಲ್ಲಿ ಹೇಳಬೇಕು. ಎಡಗಡೆಯಿಂದ ಕಾರು ಬರ್ತಿದೆ, ಸರ್ಕೊಳ್ಳಿ ಎಂದು ಅವನು ಅಂದರೆ ಹದಿಮೂರು ಬೈಕು ಒಟ್ಟಿಗೆ ಸರಿಯುತ್ತವೆ. ಅದಕ್ಕೆ ಎಡಗೈ ಹೆಬ್ಬೆರಳಿನ ಕೆಳಗೆ ಒಂದು ಬಟನ್ನಿದೆ. ಅದರ ಪಕ್ಕದಲ್ಲೇ ಹಾರ್ನಿನ ಬಟನ್ನು. ಅದನ್ನು ಯಾರೂ ಮುಟ್ಟುವುದಿಲ್ಲ. ನಮ್ಮ ಕಡೆ ಹಾರ್ನು ಒತ್ತುವುದೂ ಒಂದೇ, ಮುಖಕ್ಕೆ ಬೈಯುವುದೂ ಒಂದೇ.

ಹೋದ ಸೆಪ್ಟೆಂಬರಿನಲ್ಲಿ ಗಂಡ ಹೆಂಡತಿ ಇಬ್ಬರೇ ಡೊನೆಟ್‌ಳ ತಂಗಿಯ ಮನೆಗೆ ಮಿನ್ನೆಸೋಟಕ್ಕೆ ಹೋಗಿ ವಾಪಸ್ ಬರುತ್ತಿದ್ದರು. ಮಧ್ಯಾಹ್ನದ ಬಿಸಿಲು, ಎದುರು ಗಾಳಿ, ಹಿಂದಿನ ಎರಡು ದಿನ ಲೈಲ್‌ಗೆ ಸರಿಯಾಗಿ ನಿದ್ದೆ ಇಲ್ಲ. ದಾರಿಯಲ್ಲಿ ಮೂರು ಕಡೆ ಕಾಫಿಯ ಬೋರ್ಡು ಕಂಡವು. ಲೈಲ್ ನಿಲ್ಲಿಸದೆ ಮೂರನ್ನೂ ದಾಟಿದ. ಊರಿಗೆ ಇನ್ನು ಇಪ್ಪತ್ತು ಮೈಲಿ ಇರುವಾಗ ಪಕ್ಕದ ಸಾಲಿನಿಂದ ಕಾರೊಂದು ನಿಧಾನವಾಗಿ ಇವರ ಮೇಲೇ ಸರಿಯತೊಡಗಿತು. ಲೈಲ್ ಅದನ್ನು ನೋಡಿದ. ಹೆಬ್ಬೆರಳು ಒತ್ತಿತು. ಒತ್ತಿದ್ದು ರೇಡಿಯೋದ ಬಟನ್ನು. ಎಡಗಡೆಯಿಂದ ಕಾರು ಬರ್ತಿದೆ ಎಂದು, ಮುಂದೆ ಯಾರೂ ಇಲ್ಲದ ರಸ್ತೆಗೆ, ಸಮಾಧಾನವಾಗಿ ಹೇಳಿದ. ಅಷ್ಟರಲ್ಲಿ ಬೈಕು ಜಲ್ಲಿಗೆ ಇಳಿದು ಮಗುಚಿತು. ನಿದ್ದೆಯಲ್ಲಿದ್ದ ಡೊನೆಟ್‌ಳ ಹೆಗಲ ಮೂಳೆ ಮುರಿಯಿತು.

ಪೊಲೀಸಿನವನು ಬಂದು ಹಾರ್ನ್ ಮಾಡಿದಿರಾ ಎಂದು ಕೇಳಿದ. ಮಾಡಿದೆ, ಈ ಹಳೇ ಹಾರ್ನು ಯಾರಿಗೆ ಕೇಳುತ್ತೆ ಎಂದ ಲೈಲ್. ಯೋಚಿಸಿ ಹೇಳಿದ್ದಲ್ಲ, ಬಾಯಿಗೆ ಬಂದುಬಿಟ್ಟಿತು. ಅಲ್ಲಿಂದ ಆ ಮಾತು ಆಸ್ಪತ್ರೆಗೆ ಹೋಯಿತು, ಚರ್ಚಿಗೆ ಹೋಯಿತು, ಗುಂಪಿಗೆ ಹೋಯಿತು. ಕಾರು ಓಡಿಸುತ್ತಿದ್ದ ಕೆಲ್ಸಿ ಎಂಬ ಹುಡುಗಿ ದಂತವೈದ್ಯರ ಹತ್ತಿರ ಕೆಲಸ ಮಾಡುವವಳು. ಕೈಯಾರೆ ಮಾಡಿದ ನಿಂಬೆಯ ಸಿಹಿ ಹಿಡಿದು ಇವರ ಮನೆಗೆ ಬಂದು, ತಪ್ಪು ನನ್ನದೇ, ಆದರೆ ದೇವರಾಣೆ ಹಾರ್ನು ಕೇಳಿಸಲಿಲ್ಲ ಎಂದು ಬಾಗಿಲಲ್ಲಿ ನಿಂತು ಅತ್ತಳು. ಕಿವಿ ತುಂಬ ಹಾಡು ಹಾಕ್ಕೊಂಡಿದ್ರೆ ಹೇಗೆ ಕೇಳ್ಸುತ್ತೆ ಎಂದು ಡೊನೆಟ್ ಕದ ಹಾಕಿದಳು. ಲೈಲ್ ಒಳಗೆ ಕುರ್ಚಿಯಲ್ಲಿ ಕೂತು ಎಲ್ಲವನ್ನೂ ಕೇಳಿಸಿಕೊಂಡ. ಏಳಬೇಕು ಅನ್ನಿಸಿತು. ಏಳಲಿಲ್ಲ.

ಚಳಿಗಾಲವೆಲ್ಲ ಹೀಗೇ ಕಳೆಯಿತು. ಡೊನೆಟ್‌ಳ ಮೂಳೆ ಕೂಡಿತು. ಬೈಕಿನ ಮಾತು ತೆಗೆದರೆ ಮಾತ್ರ ಎದ್ದು ಪಾತ್ರೆ ತೊಳೆಯಲು ಹೋಗುತ್ತಿದ್ದಳು. ಹೇಳಿಬಿಡೋಣ ಎಂದು ಲೈಲ್ ದಿನಾ ಅಂದುಕೊಳ್ಳುತ್ತಿದ್ದ. ಹೇಳಿದರೆ ಅವಳು ಇನ್ನೆಂದೂ ಹಿಂದೆ ಕೂರುವುದಿಲ್ಲ ಎಂಬ ಭಯ. ಅವಳಿಲ್ಲದೆ ಅವನಿಗೆ ಬೈಕೂ ಬೇಡ, ಬೇಸಿಗೆಯೂ ಬೇಡ. ಒಂದು ಸುಳ್ಳನ್ನು ದಿನವೂ ಹೊತ್ತು ತಿರುಗುವುದು ಹಾಲಿನ ಟ್ಯಾಂಕರಿಗಿಂತ ಭಾರ ಎಂದು ಎಪ್ಪತ್ತೊಂದನೇ ವಯಸ್ಸಿನಲ್ಲಿ ಅವನಿಗೆ ಗೊತ್ತಾಯಿತು.

ಏಪ್ರಿಲ್ಲಿನ ಮೊದಲ ಶನಿವಾರ ಗೇಲನ್‌ನ ಶೆಡ್ಡಿನಲ್ಲಿ ನಮ್ಮ ಗುಂಪಿನ ರಿಪೇರಿ ದಿನ. ಅವತ್ತು ತನ್ನ ಬೈಕಿಗೆ ಯಾರೂ ತಾನೇ ಕೈ ಹಾಕುವಂತಿಲ್ಲ. ನಿನ್ನ ಬೈಕನ್ನು ಮಿಕ್ಕವರು ಬಿಚ್ಚುತ್ತಾರೆ, ನೀನು ಕಾಫಿ ಹಾಕಿ ತಿಂಡಿ ಹಂಚಬೇಕು. ಇನ್ನೊಂದು ಪದ್ಧತಿಯೂ ಇದೆ. ಕೆಲಸ ಮುಗಿದ ಮೇಲೆ ಹಿಂದೆ ಕೂರುವವರು ಹತ್ತಿ, ರಸ್ತೆಯ ಕೊನೆಯವರೆಗೆ ಹೋಗಿ ಬಂದು, ಸರಿಯಾಗಿದೆ ಅನ್ನಬೇಕು. ಅವರ ಬಾಯಿಂದ ಆ ಮಾತು ಬರುವವರೆಗೆ ಕೆಲಸ ಮುಗಿದ ಹಾಗಲ್ಲ.

ಈ ವರ್ಷ ಮೊದಲ ಕೆಲಸ ಲೈಲ್‌ನ ಹಾರ್ನು ಎಂದು ಗೇಲನ್ ತಾನೇ ತೀರ್ಮಾನಿಸಿದ್ದ. ಬೇಡವೆಂದು ಲೈಲ್ ಎರಡು ಸಲ ಹೇಳಿ ನೋಡಿದ, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಮುಂದಿನ ಹೊದಿಕೆ ಬಿಚ್ಚಿದರು. ತುಕ್ಕು ಹಿಡಿದ ಹಳೇ ಹಾರ್ನುಗಳೆರಡನ್ನೂ ತೆಗೆಯುವ ಮೊದಲು ಒಬ್ಬ ಒತ್ತಿ ನೋಡಿದ. ಅದು ಕುರಿಮರಿಯ ಹಾಗೆ ಮೆಲ್ಲಗೆ ಬ್ಯಾ ಎಂದಿತು. ಇಷ್ಟು ದಿನ ಇದನ್ನ ನಂಬ್ಕೊಂಡು ಓಡಿಸ್ತಿದ್ದೆಯಲ್ಲಯ್ಯಾ ಎಂದು ಗೇಲನ್ ಛೇಡಿಸಿದ. ಎಲ್ಲರೂ ನಕ್ಕರು. ಲೈಲ್ ಕಾಫಿ ಬಗ್ಗಿಸುತ್ತಿದ್ದ, ಅರ್ಧ ಮೇಜಿನ ಮೇಲೆ ಚೆಲ್ಲಿತು.

ಹೊಸದು ಗಾಳಿಯಿಂದ ಕೂಗುವ ಹಾರ್ನು, ಲಾರಿಗೆ ಹಾಕುವಂಥದ್ದು. ಹಳೇ ಸಪೂರ ವೈರಿಗೆ ಅದನ್ನು ನೇರವಾಗಿ ಕಟ್ಟಿದರೆ ವೈರು ಸುಟ್ಟುಹೋಗುತ್ತದೆ. ಆದ್ದರಿಂದ ಗೇಲನ್ ಬ್ಯಾಟರಿಯಿಂದಲೇ ದಪ್ಪ ವೈರು ಎಳೆದು, ಅದಕ್ಕೊಂದು ಫ್ಯೂಸು ಹಾಕಿ, ನಡುವೆ ರಿಲೇ ಕೂರಿಸಿದ. ಬಟನ್ನು ಬರೀ ಅಪ್ಪಣೆ ಕೊಡುವುದು, ಭಾರ ಹೊರುವುದೆಲ್ಲ ರಿಲೇ ಎಂದು ಪಾಠ ಬೇರೆ ಹೇಳಿದ. ಎರಡು ಗಂಟೆಯ ಕೆಲಸ. ಮುದುಕರು ಮಂಡಿಯೂರಿ, ಸೊಂಟ ಹಿಡಿದುಕೊಂಡು, ಕನ್ನಡಕ ಏರಿಸಿ ಇಳಿಸಿ ಮಾಡಿದರು. ಒತ್ತಿದಾಗ ಶೆಡ್ಡಿನ ತಗಡು ಅದುರಿತು. ಪಕ್ಕದ ಹೊಲದ ಹಸುಗಳೆಲ್ಲ ತಲೆ ಎತ್ತಿ ನೋಡಿದವು.

ಆಗ ಪಿಕಪ್ಪಿನಿಂದ ಡೊನೆಟ್ ಇಳಿದು ಬಂದಳು. ಕೈಯಲ್ಲಿ ಹೆಲ್ಮೆಟ್ಟಿತ್ತು. ಬರುತ್ತೇನೆಂದು ಗಂಡನಿಗೂ ಹೇಳಿರಲಿಲ್ಲ. ಏಳು ತಿಂಗಳಿನಿಂದ ಅವಳು ಹೆಲ್ಮೆಟ್ ಮುಟ್ಟಿದ್ದನ್ನು ಯಾರೂ ಕಂಡಿರಲಿಲ್ಲ. ಗಂಡಸರೆಲ್ಲ ದಾರಿ ಬಿಟ್ಟು ನಿಂತರು.

"ಇನ್ಮೇಲೆ ಎಲ್ರಿಗೂ ಕೇಳ್ಸುತ್ತೆ ಬಿಡು. ನಡಿ, ಒಂದು ಸುತ್ತು ಹೋಗೋಣ" ಎಂದಳು.

ಲೈಲ್ ಬೈಕು ಏರಿ ಎಂಜಿನ್ ಶುರು ಮಾಡಿದ. ಅವಳು ಹೆಲ್ಮೆಟ್ಟಿನ ಪಟ್ಟಿ ಬಿಗಿದು, ಅವನ ಭುಜದ ಮೇಲೆ ಕೈಯಿಟ್ಟಳು. ಇವಳು ಹಾರ್ನನ್ನು ನಂಬಿ ಹತ್ತುತ್ತಿದ್ದಾಳೆ, ಮತ್ತೆ ಒರಗಿ ನಿದ್ದೆ ಮಾಡುತ್ತಾಳೆ ಎಂದು ಲೈಲ್‌ಗೆ ಹೊಳೆಯಿತು.

"ಹತ್ಬೇಡ, ಡೊನೆಟ್."

"ಯಾಕೆ?"

"ಅವತ್ತು ನಾನು ಹಾರ್ನ್ ಒತ್ಲೇ ಇಲ್ಲ. ರೇಡಿಯೋ ಒತ್ತಿ ಕಾರು ಬರ್ತಿದೆ ಅಂದೆ. ಮುಂದೆ ಯಾರೂ ಇರ್ಲಿಲ್ಲ."

ಗೇಲನ್ ಕೈಯಲ್ಲಿದ್ದ ಸ್ಪ್ಯಾನರನ್ನೇ ನೋಡುತ್ತ ನಿಂತ. ಲೈಲ್‌ನ ದನಿಯನ್ನು ಹತ್ತೊಂಬತ್ತು ವರ್ಷ ಕಿವಿಯಲ್ಲಿ ಕೇಳಿಕೊಂಡು, ಅದನ್ನೇ ನಂಬಿ ಬೈಕು ಸರಿಸಿದವರು ಅಲ್ಲಿದ್ದವರೆಲ್ಲ. ಡೊನೆಟ್ ಎತ್ತಿದ್ದ ಕಾಲನ್ನು ನೆಲಕ್ಕಿಟ್ಟಳು. ಹೆಲ್ಮೆಟ್ ತೆಗೆದಳು.

"ಆ ಹುಡುಗಿ ಬಾಗಿಲಲ್ಲಿ ಅಳ್ತಾ ನಿಂತಿದ್ಲು. ನೀನು ಒಳಗೇ ಇದ್ದೆ."

"ಇದ್ದೆ."

"ನೀನೇ ಹೋಗಿ ಹೇಳ್ಬೇಕು ಅವಳಿಗೆ. ಇವತ್ತೇ."

"ಹೇಳ್ತೀನಿ."

ಅವಳು ಹೆಲ್ಮೆಟ್ಟನ್ನು ಸೀಟಿನ ಮೇಲಿಟ್ಟು ಅವನ ಎದುರಿಗೆ ಬಂದು ನಿಂತಳು. ಬೈಯುತ್ತಾಳೆ ಎಂದುಕೊಂಡರು ಎಲ್ಲರೂ. ಲೈಲ್ ಕೂಡ ಅದಕ್ಕೇ ಕಾದಿದ್ದ.

"ನಿದ್ದೆ ಬರ್ತಿತ್ತಾ ನಿನಗೆ ಅವತ್ತು?"

ನನಗೇನಾಗಿದೆ ಎಂಬ ಮಾತು ನಾಲಿಗೆಯ ತುದಿಗೆ ಬಂತು. ಅದನ್ನು ನುಂಗಿಕೊಂಡ.

"ತುಂಬಾ ಸುಸ್ತಾಗಿತ್ತು ಕಣೇ. ಯಾವಾಗ್ಲೂ ಸುಸ್ತೇ."

ನಲವತ್ತಾರು ವರ್ಷದ ಸಂಸಾರದಲ್ಲಿ ಅವನು ಹಾಗೆಂದದ್ದು ಅದೇ ಮೊದಲು. ಡೊನೆಟ್‌ಳ ಕಣ್ಣಲ್ಲಿ ನೀರು ಬಂತು. ಸಿಟ್ಟೋ ಮರುಕವೋ, ಎರಡೂ ಇದ್ದವು.

"ಒಂದು ಮಾತು ಹೇಳಿದ್ರೆ ನಿಲ್ಲಿಸ್ತಿದ್ವಲ್ಲೋ" ಎಂದಳು. "ಕಾಫಿ ಕುಡಿದು ಹೊರಡ್ತಿದ್ವಿ. ಅಷ್ಟೇ ತಾನೆ ಆಗ್ಬೇಕಿದ್ದಿದ್ದು?"

ಅಷ್ಟೇ ಆಗಬೇಕಿತ್ತು. ಲೈಲ್ ಕೈ ಚಾಚಿ ಎಂಜಿನ್ ಆರಿಸಿದ.